ಚುರುಕು ಮಕ್ಕಳಿಗೆ ಹೊಸದಾಗಿ ಇಂಗ್ಲಿಷ್: ಭಾಷೆ ಬರೋ ತನಕ ಯೋಚನೆ ಕಾಯಬೇಕಾ?

ಹೊಸಪಾಠ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಟೀಚರ್. ಮನೆಯಲ್ಲಿ ಇಂಗ್ಲಿಷ್ ಇಲ್ಲದ, ಶಾಲೆಗೆ ಬಂದ ಮೇಲೇ ಅದನ್ನು ಕಲಿಯುತ್ತಿರುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವರಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯ ಬಗ್ಗೆ ನಿಮ್ಮ ಸಲಹೆ ಬೇಕು.

ಗಣಿತದ ಪಿರಿಯಡ್‌ನಲ್ಲಿ ಬೋರ್ಡ್ ಮೇಲೆ 1+3=4, 1+3+5=9, 1+3+5+7=16 ಅಂತ ಬರೆದಿದ್ದರು. ಬೆಸಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ವರ್ಗಸಂಖ್ಯೆಯೇ ಯಾಕೆ ಬರುತ್ತೆ ಅನ್ನೋದು ಪ್ರಶ್ನೆ. ಇವಳು ಒಂದು ಚುಕ್ಕೆ ಇಟ್ಟಳು. ಅದರ ಬಲಕ್ಕೆ ಒಂದು, ಕೆಳಗೆ ಒಂದು, ಮೂಲೆಗೆ ಒಂದು ಸೇರಿಸಿದಳು. ಚೌಕ ಆಯಿತು. ಅದರ ಹೊರಗೆ ಎರಡು ಬದಿಗೆ ಮತ್ತೆ ಐದು ಚುಕ್ಕೆ. ಇನ್ನೂ ದೊಡ್ಡ ಚೌಕ. "ಎರಡು ಬದಿಗೂ ಅಷ್ಟಷ್ಟೇ ಬೇಕು, ಮೂಲೆಗೆ ಮಾತ್ರ ಒಂದು ಜಾಸ್ತಿ ಬೇಕು. ಅದಕ್ಕೇ ಯಾವಾಗಲೂ ಬೆಸ" ಎಂದು ತನ್ನ ಭಾಷೆಯಲ್ಲಿ ಹೇಳಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಅದಾದ ಮೇಲೆ ಇಂಗ್ಲಿಷ್ ಪಿರಿಯಡ್. ಪುಸ್ತಕದ ಪ್ರಕಾರ ಅವಳ ಹಂತಕ್ಕೆ ಬರುವುದು ಬೆಕ್ಕಿನ ಚಿತ್ರದಿಂದ 'ಕ್ಯಾಟ್' ಪದಕ್ಕೆ ಗೆರೆ ಎಳೆಯುವ ಹಾಳೆ. ಕ್ಷಣದಲ್ಲಿ ಮುಗಿಸಿದಳು. ಉಳಿದ ಹೊತ್ತೆಲ್ಲ ಪೆನ್ಸಿಲ್ ತಿರುಗಿಸುತ್ತಾ ಕೂತಳು.

ಶಾಲೆಯಲ್ಲಿ ಎರಡು ಅಭಿಪ್ರಾಯ ಇದೆ. ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ಆಮೇಲೆ ಪ್ರತಿಭಾವಂತರ ತರಗತಿಗೆ ಸೇರಿಸೋಣ ಅಂತ ಕೆಲವರು. ನನಗೆ ಅದು ಸರಿ ಕಾಣುತ್ತಿಲ್ಲ. ಆದರೆ ಬದಲಿಗೆ ನಾಳೆ ಬೆಳಿಗ್ಗೆ ನಾನು ಏನು ಕಲಿಸಬೇಕು?

ಗಣಿತದ ಮೇಷ್ಟ್ರು

ಕಾಯೋದೇ ದೊಡ್ಡ ತೊಂದರೆ. ಲೆಕ್ಕ ಹಾಕಿ ನೋಡಿ. ಆಟದ ಮೈದಾನದಲ್ಲಿ ಮಾತಾಡುವ ಇಂಗ್ಲಿಷ್ ಬೇರೆ, ಪಾಠ ಓದಿ ವಾದ ಮಾಡುವ ಇಂಗ್ಲಿಷ್ ಬೇರೆ ಎಂದು ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಬಿಡಿಸಿ ಹೇಳಿದರು. ಮೊದಲನೆಯದಕ್ಕೆ ಸುಮಾರು 2 ವರ್ಷ ಸಾಕು. ಎರಡನೆಯದರಲ್ಲಿ ಓರಗೆಯ ಮಕ್ಕಳ ಮಟ್ಟಕ್ಕೆ ಬರಲು ಸಾಮಾನ್ಯವಾಗಿ 5ರಿಂದ 7 ವರ್ಷ ಬೇಕು. ನಿಮ್ಮ ಹುಡುಗಿಗೆ ಈಗ ಹತ್ತು. ಇಂಗ್ಲಿಷ್ "ಗಟ್ಟಿಯಾಗುವ" ಹೊತ್ತಿಗೆ ಹದಿನೈದೋ ಹದಿನೇಳೋ ಆಗಿರುತ್ತೆ. ಅಷ್ಟು ವರ್ಷ ಅವಳು ಬೆಕ್ಕಿಗೆ ಗೆರೆ ಎಳೆಯುತ್ತಾ ಕೂತರೆ, ಕೊನೆಗೆ ಕಾಯ್ದಿರಿಸಿದ ಸೀಟು ಸಿಕ್ಕಾಗ ಅದರಲ್ಲಿ ಕೂರುವ ಉತ್ಸಾಹವೇ ಉಳಿದಿರಲ್ಲ.

ನಾಳೆ ಬೆಳಿಗ್ಗೆಗೆ ಅಂದ್ರೆ, ಆ ಚುಕ್ಕೆ ಚೌಕವೇ ಇಂಗ್ಲಿಷ್ ಪಾಠ ಆಗಲಿ. ಅವಳ ಹತ್ತಿರ ಹೇಳೋಕೆ ಒಂದು ವಿಷಯ ಇದೆ. ಇಂಗ್ಲಿಷ್‌ನಲ್ಲಿ ಮಾತಿಲ್ಲ, ಅಷ್ಟೇ. ಮೊದಲು ತನ್ನ ಭಾಷೆಯಲ್ಲೇ ಪೂರ್ತಿ ವಿವರಿಸಲಿ, ಬರೆಯಲಿ. ಆಮೇಲೆ ಆ ವಿವರಣೆಗೆ ಬೇಕಾದ ಇಂಗ್ಲಿಷ್ ಮಾತ್ರ ಕೊಡಿ. ಡಾಟ್, ಸೈಡ್, ಕಾರ್ನರ್, ಆಡ್ (ಬೆಸ), ಈವನ್ (ಸಮ), ನೆಕ್ಸ್ಟ್. ಜೊತೆಗೆ ಯೋಚನೆಯನ್ನು ಹೊಲಿಯುವ ಪದಗಳು: ಈಚ್ ಟೈಮ್, ಬಿಕಾಸ್, ಸೋ, ಇಫ್, ದೆನ್. ಒಂದೆರಡು ಅರ್ಧ ವಾಕ್ಯಗಳನ್ನೂ ಕೊಡಿ. "ಈಚ್ ಟೈಮ್ ವಿ ಆ್ಯಡ್..." ಅಂತ ಶುರು ಮಾಡಿ ಬಿಡಿ, ಮುಂದಿನದು ಅವಳದು.

ಇಲ್ಲಿ ಒಂದು ಎಚ್ಚರ. ಚಿತ್ರದ ಹೆಸರು ಕಲಿಸೋದು ಸುಲಭ, ಅದಕ್ಕೆ ಎಲ್ಲರೂ ನಾಮಪದಗಳಿಂದ ಶುರು ಮಾಡುತ್ತಾರೆ. ಯೋಚಿಸುವ ಮಗುವಿಗೆ 'ಬಿಕಾಸ್' ಮತ್ತು 'ಇಫ್' ಮೊದಲ ವಾರದಲ್ಲೇ ಬೇಕು. ಅವಿಲ್ಲದೆ ಅವಳು ಹೆಸರು ಹೇಳಬಹುದು, ಕಾರಣ ಹೇಳೋಕಾಗಲ್ಲ.

ಇಬ್ಬರ ಅಮ್ಮ

ಹೊಸಪಾಠ ಅವರೇ, ನಿಮ್ಮ ಹುಡುಗಿಯನ್ನು ನೀವಾದರೂ ಗುರುತಿಸಿದಿರಿ. ನನ್ನ ಮಗನಿಗೆ ಅದೂ ಆಗಿಲ್ಲ. ಮನೆಯಲ್ಲಿ ಅವನು ಕೇಳುವ ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಿರಲ್ಲ. ಹಳೇ ರೇಡಿಯೊ ಬಿಚ್ಚಿ ಮತ್ತೆ ಕೂಡಿಸಿದ್ದಾನೆ. ಶಾಲೆಯ ಆಯ್ಕೆ ಪರೀಕ್ಷೆ ಮಾತ್ರ ಇಂಗ್ಲಿಷ್‌ನಲ್ಲಿತ್ತು. "ಸಾಧಾರಣ" ಅಂತ ಬರೆದು ಕಳಿಸಿದರು. ಪ್ರಶ್ನೆ ಏನು ಕೇಳ್ತಿದೆ ಅಂತಲೇ ಅರ್ಥ ಆಗಿರಲಿಲ್ಲ ಎಂದು ಅವನು ಆಮೇಲೆ ಹೇಳಿದ. ಇಂಥ ಮಕ್ಕಳನ್ನು ಗುರುತಿಸೋದು ಹೇಗೆ?

ಭಾಷಾಕುತೂಹಲಿ

ನಿಮ್ಮ ಬೇಸರ ನ್ಯಾಯವಾದದ್ದು. ಅರ್ಥವಾಗದ ಭಾಷೆಯಲ್ಲಿ ಪರೀಕ್ಷೆ ಕೊಟ್ಟರೆ ಅದು ಆ ಭಾಷೆಯ ಪರೀಕ್ಷೆ ಆಗುತ್ತೆ, ಬುದ್ಧಿಯದ್ದಲ್ಲ.

ಪದಗಳೇ ಇಲ್ಲದ ಪರೀಕ್ಷೆಗಳು ಬಹಳ ಹಿಂದಿನಿಂದ ಇವೆ. ಮನಶ್ಶಾಸ್ತ್ರಜ್ಞ ಜಾನ್ ರೇವನ್ ಮಾಡಿದ ಮ್ಯಾಟ್ರಿಸಸ್ ಪರೀಕ್ಷೆ 1938ರಷ್ಟು ಹಳೆಯದು. ಆಕಾರಗಳ ಸಾಲಿನಲ್ಲಿ ಒಂದು ಜಾಗ ಖಾಲಿ ಇರುತ್ತೆ, ಅಲ್ಲಿಗೆ ಯಾವುದು ಹೊಂದುತ್ತೆ ಎಂದು ಹುಡುಕಬೇಕು. ನಾಗ್ಲಿಯೇರಿ ಪರೀಕ್ಷೆಯೂ ಇದೇ ಜಾತಿಯದು. ಆದರೆ ಅದೊಂದನ್ನೇ ನಂಬಿ ಕೂರಬಾರದು. ಆಕಾರಗಳಲ್ಲಿ ಚುರುಕಿಲ್ಲದ, ಕಥೆ ಕಟ್ಟುವುದರಲ್ಲಿ ಅಸಾಧಾರಣವಾದ ಮಗು ಅದರಲ್ಲಿ ಜಾರಿ ಹೋಗುತ್ತೆ.

ಪರೀಕ್ಷೆಗಿಂತ ದೊಡ್ಡ ವಿಷಯ, ಪರೀಕ್ಷೆಗೆ ಯಾರನ್ನು ಕೂರಿಸುತ್ತೀರಿ ಅನ್ನೋದು. ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಜಿಲ್ಲೆಯಲ್ಲಿ ಮೊದಲು ಟೀಚರ್ ಅಥವಾ ಪಾಲಕರು ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆ ಇತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಪದಗಳಿಲ್ಲದ ಪರೀಕ್ಷೆ ಕೊಟ್ಟರು. ಬಡ ಮನೆಗಳ, ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಸಮುದಾಯಗಳ ಎಷ್ಟೋ ಮಕ್ಕಳು ಹೊಸದಾಗಿ ಬೆಳಕಿಗೆ ಬಂದರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ 2016ರಲ್ಲಿ ಇದನ್ನು ಪ್ರಕಟಿಸಿದರು. ದುಡ್ಡಿನ ಕೊರತೆಯಿಂದ ಆ ವ್ಯವಸ್ಥೆ ನಿಂತಾಗ ಗಳಿಸಿದ್ದೂ ಕರಗಿತು. ಅಂದರೆ ಆ ಮಕ್ಕಳು ಮೊದಲಿನಿಂದಲೂ ಅಲ್ಲೇ ಇದ್ದರು. ಯಾರೂ ಅವರ ಹೆಸರು ಸೂಚಿಸಿರಲಿಲ್ಲ, ಅಷ್ಟೇ.

ಪರೀಕ್ಷೆ ಇಲ್ಲದೆಯೂ ಟೀಚರ್ ಕಣ್ಣಿಗೆ ಬೀಳುವ ಸಂಗತಿಗಳಿವೆ. ಹೊಸ ಭಾಷೆಯನ್ನು ಬೇರೆಯವರಿಗಿಂತ ಎಷ್ಟು ಬೇಗ ಹಿಡಿಯುತ್ತಿದ್ದಾರೆ ನೋಡಿ. ಈಗ ಎಷ್ಟು ಬರುತ್ತೆ ಅನ್ನೋದಕ್ಕಿಂತ ಬೆಳೆಯುವ ವೇಗ ಹೆಚ್ಚು ಹೇಳುತ್ತೆ. ಹೊಸ ಭಾಷೆಯಲ್ಲಿ ತಮಾಷೆ ಮಾಡೋಕೆ ಬೇಗ ಶುರು ಮಾಡ್ತಾರಾ? ಎರಡು ಭಾಷೆಗಳನ್ನು ತಾವಾಗಿಯೇ ಹೋಲಿಸ್ತಾರಾ? ಅಪ್ಪ ಅಮ್ಮನಿಗೆ ಬೇರೆಯವರ ಮಾತನ್ನು ಅನುವಾದ ಮಾಡಿ ಹೇಳುವ ಮಕ್ಕಳನ್ನು ಗ್ವಾಡಲೂಪೆ ವಾಲ್ಡೆಸ್ ಅಧ್ಯಯನ ಮಾಡಿದ್ದಾರೆ. ಎರಡೂ ಕಡೆಯ ಮಾತು ನೆನಪಿಟ್ಟುಕೊಂಡು, ಹೇಳುವ ಧಾಟಿಯನ್ನೂ ಸಂಭಾಳಿಸಿ, ಆ ಕ್ಷಣದಲ್ಲೇ ಮಾತು ಹುಡುಕಬೇಕು. ಅದೂ ಪ್ರತಿಭೆಯೇ ಎಂದು ಅವರು 2003ರಲ್ಲಿ ವಾದಿಸಿದರು. ನನಗೆ ಆ ವಾದ ಪೂರ್ತಿ ಒಪ್ಪಿಗೆ.

ನಿಮ್ಮ ಮಗ ರೇಡಿಯೊ ಹೇಗೆ ಕೂಡಿಸಿದ ಎಂದು ಅವನ ಭಾಷೆಯಲ್ಲೇ ಹೇಳಿಸಿ, ರೆಕಾರ್ಡ್ ಮಾಡಿ, ಶಾಲೆಗೆ ತೋರಿಸಿ. ಅವನ ಭಾಷೆ ಬಲ್ಲ ಒಬ್ಬರು ಅದನ್ನು ಕೇಳಲಿ ಎಂದು ಒತ್ತಾಯ ಮಾಡಿ.

ನೇರಮಾತು

ನಾನು ಸ್ವಲ್ಪ ಬೇರೆ ಹೇಳ್ತೀನಿ. ಬುದ್ಧಿ ಇದೆ ಅಂತ ತಳಪಾಯ ಬಿಡೋಕಾಗಲ್ಲ. ಇಂಗ್ಲಿಷ್ ಅಕ್ಷರಕ್ಕೂ ಉಚ್ಚಾರಕ್ಕೂ ಸಂಬಂಧ ನಮ್ಮ ಲಿಪಿಯ ಹಾಗಲ್ಲ. ಅಕ್ಷರ, ಕಾಗುಣಿತ, ಉಚ್ಚಾರ, ಸಣ್ಣ ವಾಕ್ಯ ಇವೆಲ್ಲ ಅಭ್ಯಾಸದಿಂದಲೇ ಬರಬೇಕು. ಚುರುಕು ಮಕ್ಕಳನ್ನು ನೇರ ದೊಡ್ಡ ವಿಷಯಕ್ಕೆ ಒಯ್ದು, ಆಮೇಲೆ ದೊಡ್ಡ ತರಗತಿಯಲ್ಲಿ ಒಂದು ಪ್ಯಾರಾ ತಪ್ಪಿಲ್ಲದೆ ಬರೆಯಲಾಗದೆ ಒದ್ದಾಡಿದ್ದನ್ನು ನಾನು ಕಂಡಿದ್ದೇನೆ. ಮಾತು ಪಟಪಟ ಅಂತ ಬರುತ್ತೆ, ಬರವಣಿಗೆ ನಿಂತೇ ಬಿಟ್ಟಿರುತ್ತೆ. ಟೀಚರ್‌ಗಳಿಗೂ ಗೊತ್ತಾಗಲ್ಲ, ಯಾಕೆಂದರೆ ಮಗು ಜಾಣತನದಿಂದ ಅದನ್ನು ಮುಚ್ಚಿಡುತ್ತೆ.

ಭಾಷಾಕುತೂಹಲಿ

ನೇರಮಾತು ಹೇಳಿದ್ದರಲ್ಲಿ ತೂಕ ಇದೆ. ಮಾತಿನ ಹಿಂದೆ ಅಡಗಿದ ಬರವಣಿಗೆಯ ಕೊರತೆ ನಿಜವಾದ ಅಪಾಯ. ಕೆನಡಾದಲ್ಲಿ ಎಲ್ಲ ಪಾಠವನ್ನೂ ಫ್ರೆಂಚ್‌ನಲ್ಲಿ ಕೇಳಿಯೇ ಬೆಳೆದ ಮಕ್ಕಳನ್ನು ಮೆರಿಲ್ ಸ್ವೇನ್ ನೋಡಿದರು. ವರ್ಷಗಟ್ಟಲೆ ಕೇಳಿದರೂ ಅವರ ವ್ಯಾಕರಣದಲ್ಲಿ ತೂತು ಉಳಿದಿತ್ತು. ಕೇಳಿದರೆ ಸಾಲದು, ಮಕ್ಕಳು ತಾವೇ ಮಾತು ಕಟ್ಟಬೇಕು, ಬರೆಯಬೇಕು, ಆಗಲೇ ಎಲ್ಲಿ ಗೊತ್ತಿಲ್ಲ ಎಂದು ಅವರಿಗೇ ಹೊಳೆಯುತ್ತೆ ಎಂದು ಅವರು 1985ರಲ್ಲಿ ಹೇಳಿದರು.

ಆದರೆ ತಳಪಾಯ ಅಂದ್ರೆ ಸುಮ್ನೆ ಉರು ಹೊಡೆಯೋದೇ ಆಗಬೇಕಾ? ಚುರುಕು ಮಕ್ಕಳಿಗೆ ಒಂದೊಂದೇ ಪದ ಬಾಯಿಪಾಠ ಮಾಡೋದು ಹಿಂಸೆ. ಅದರ ಹಿಂದಿನ ಲೆಕ್ಕಾಚಾರ ತೋರಿಸಿದರೆ ಹಬ್ಬ.

ಸ್ಪೆಲಿಂಗ್ ತಗೊಳ್ಳಿ. 'ಟೂ', ಅಂದರೆ ಎರಡು. ಮಧ್ಯೆ ಸುಮ್ಮನೆ ಒಂದು ಡಬ್ಲ್ಯು ಕೂತಿದೆ. ಉಚ್ಚಾರದಲ್ಲಿ ಇಲ್ಲ. ಇದು ಯಾಕೆ ಎಂದು ಕೇಳಿ, ಉತ್ತರ ಹೇಳಬೇಡಿ. ಎರಡರ ಅರ್ಥ ಅಡಗಿರುವ ಬೇರೆ ಪದ ಹುಡುಕಲಿ. ಟ್ವೈಸ್, ಟ್ವಿನ್, ಟ್ವೆಲ್ವ್, ಟ್ವೆಂಟಿ, ಬಿಟ್ವೀನ್. ಎಲ್ಲದರಲ್ಲೂ ಟಿ ಪಕ್ಕ ಡಬ್ಲ್ಯು ಇದೆ, ಅಲ್ಲಿ ಅದು ಕೇಳಿಸುತ್ತೆ ಕೂಡ. ಅದೇ ರೀತಿ 'ಸೈನ್' ಪದದಲ್ಲಿ ಕೇಳಿಸದ ಜಿ, 'ಸಿಗ್ನಲ್' ಮತ್ತು 'ಸಿಗ್ನೇಚರ್' ಪದಗಳಲ್ಲಿ ಕೇಳಿಸುತ್ತೆ. ಇಂಗ್ಲಿಷ್ ಸ್ಪೆಲಿಂಗ್ ಉಚ್ಚಾರವನ್ನಷ್ಟೇ ಅಲ್ಲ, ಪದಗಳ ನೆಂಟಸ್ತಿಕೆಯನ್ನೂ ಕಾಪಾಡುತ್ತೆ. ಇದು ಒಮ್ಮೆ ಹೊಳೆದ ಮಗು ಡಿಕ್ಷನರಿಯನ್ನು ಪತ್ತೇದಾರನ ಹಾಗೆ ಓದೋಕೆ ಶುರು ಮಾಡುತ್ತೆ. ಉಚ್ಚಾರದ ಅಭ್ಯಾಸ ಬೇಡ ಅಂತ ಅಲ್ಲ, ಅದು ಬೇಕೇ ಬೇಕು. ಆದರೆ ಈಗಾಗಲೇ ಬಂದದ್ದನ್ನು ಮತ್ತೆ ಮತ್ತೆ ಮಾಡಿಸಬೇಡಿ. ಪ್ರತಿಭಾವಂತ ಮಕ್ಕಳ ಶಿಕ್ಷಣದ ತಜ್ಞ ಜೋಸೆಫ್ ರೆನ್‌ಜುಲಿ ಇದನ್ನೇ ಪಠ್ಯ ಅಡಕಗೊಳಿಸುವುದು ಅನ್ನುತ್ತಾರೆ. ಮೊದಲೇ ಪರೀಕ್ಷಿಸಿ, ಗೊತ್ತಿರುವುದನ್ನು ಬಿಟ್ಟು, ಉಳಿದ ಸಮಯವನ್ನು ಆಳದ ಕೆಲಸಕ್ಕೆ ಕೊಡೋದು.

ವ್ಯಾಕರಣವೂ ಹಾಗೇ. "ನಿನ್ನೆ ಬಂದ ಹುಡುಗಿ" ಅನ್ನುವಾಗ ಕನ್ನಡದಲ್ಲಿ ಹುಡುಗಿಯ ವಿವರ 'ಹುಡುಗಿ' ಪದಕ್ಕಿಂತ ಮೊದಲು ಬರುತ್ತೆ. "ದ ಗರ್ಲ್ ಹೂ ಕೇಮ್ ಯೆಸ್ಟರ್‌ಡೇ" ಅನ್ನುವಾಗ ಅದರ ನಂತರ ಬರುತ್ತೆ, ಜೊತೆಗೆ 'ಹೂ' ಅನ್ನೋ ಕೊಂಡಿ ಬೇಕು. ನಿಯಮ ಹೇಳಬೇಡಿ. ಇಂಥ ಐದಾರು ಜೋಡಿ ವಾಕ್ಯ ಕೊಟ್ಟು, ಏನು ಬದಲಾಯಿತು ಎಂದು ಅವರೇ ಬರೆಯಲಿ. ಆಮೇಲೆ ಏಳನೆಯದನ್ನು ಅವರೇ ಕಟ್ಟಲಿ. ಅಂತರರಾಷ್ಟ್ರೀಯ ಭಾಷಾಶಾಸ್ತ್ರ ಒಲಿಂಪಿಯಾಡ್‌ನ ಲೆಕ್ಕಗಳ ಸ್ವರೂಪವೇ ಇದು. 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯಿತು. ಮಕ್ಕಳಿಗೆ ಗೊತ್ತೇ ಇಲ್ಲದ ಭಾಷೆಯ ಕೆಲವು ವಾಕ್ಯ ಮತ್ತು ಅವುಗಳ ಅರ್ಥ ಕೊಡುತ್ತಾರೆ, ನಿಯಮ ಅವರೇ ಕಂಡುಹಿಡಿಯಬೇಕು. ಪ್ರಶ್ನೆಪತ್ರಿಕೆ ಸ್ಪರ್ಧಿಗಳ ಭಾಷೆಗಳಲ್ಲೇ ಇರುತ್ತೆ. ಹಳೆಯ ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ, ನೋಡಿ.

ಹೊಸಪಾಠ

ತುಂಬಾ ಧನ್ಯವಾದ. ಮೇಷ್ಟ್ರು ಹೇಳಿದ್ದನ್ನು ಮಾಡಿ ನೋಡಿದೆ. ಮೊದಲು ಅವಳ ಭಾಷೆಯಲ್ಲಿ ಬರೆಸಿದೆ, ಅರ್ಧ ಪುಟ ಆಯಿತು. ಆಮೇಲೆ ಪದಗಳನ್ನು ಹಾಳೆಯ ಅಂಚಿಗೆ ಬರೆದುಕೊಟ್ಟೆ. ಅವಳು ಬರೆದ ಇಂಗ್ಲಿಷ್ ಹೀಗಿದೆ, ತಪ್ಪುಗಳ ಸಮೇತ:

"ಈಚ್ ಟೈಮ್ ನ್ಯೂ ಡಾಟ್ಸ್ ಗೋಸ್ ಟೂ ಸೈಡ್. ಸೈಡ್ ಆ್ಯಂಡ್ ಸೈಡ್ ಈಸ್ ಸೇಮ್, ಸೋ ಈವನ್. ಬಟ್ ಕಾರ್ನರ್ ವಾಂಟ್ ಒನ್ ಮೋರ್. ಬಿಕಾಸ್ ಕಾರ್ನರ್, ಆಡ್."

ಪೂರ್ತಿ ಸಾಧನೆ (ಪ್ರೂಫ್) ಇದೆ ಇದರಲ್ಲಿ! ಎರಡು ಸಮ ಬದಿ ಸೇರಿದರೆ ಸಮಸಂಖ್ಯೆ, ಮೂಲೆ ಒಂದು ಸೇರಿದರೆ ಬೆಸ. ಇಷ್ಟು ಇಂಗ್ಲಿಷ್ ಅವಳು ಹಿಂದೆಂದೂ ಒಟ್ಟಿಗೆ ಬರೆದಿರಲಿಲ್ಲ. ಈಗ ಪ್ರಶ್ನೆ, ಇದನ್ನು ತಿದ್ದೋದು ಹೇಗೆ? ಇಷ್ಟು ತಪ್ಪುಗಳಿಗೂ ಗುರುತು ಹಾಕಿದರೆ ಕುಗ್ಗಿ ಹೋಗ್ತಾಳೆ. ಗಟ್ಟಿಯಾಗಿ ಓದು ಅಂದ್ರೆ ಬಾಯಿಯೇ ಬಿಡಲಿಲ್ಲ.

ನಿಧಾನ ಓದು

ಎಂಥ ಚೆಂದದ ಬರಹ. "ಕಾರ್ನರ್ ವಾಂಟ್ ಒನ್ ಮೋರ್" ಓದಿ ಖುಷಿಯಾಯಿತು.

ಬಾಯಿ ಬಿಡದಿರುವ ಬಗ್ಗೆ ಮೊದಲು ಹೇಳ್ತೀನಿ. ಹೊಸ ಭಾಷೆಗೆ ಬಂದ ಮಕ್ಕಳು ಸ್ವಲ್ಪ ಕಾಲ ಮೌನವಾಗಿರೋದು ಸಹಜ. ಒಳಗೆ ಕೇಳಿಸಿಕೊಳ್ಳುತ್ತಾ, ಜೋಡಿಸುತ್ತಾ ಇರುತ್ತಾರೆ. ಚುರುಕು ಮಕ್ಕಳಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತೆ. ತಲೆಯಲ್ಲಿರುವ ಯೋಚನೆ ಎಷ್ಟು ನಾಜೂಕು, ಬಾಯಲ್ಲಿ ಬರುವ ವಾಕ್ಯ ಎಷ್ಟು ಒರಟು ಎಂದು ಅವರಿಗೆ ಚೆನ್ನಾಗಿ ಗೊತ್ತಾಗುತ್ತೆ. ತನ್ನ ಭಾಷೆಯಲ್ಲಿ ತರಗತಿಗೇ ಮುಂದಿದ್ದವಳು ಇಲ್ಲಿ ಪುಟ್ಟ ಮಗುವಿನ ಹಾಗೆ ಮಾತಾಡಬೇಕು. ಅದು ಸಣ್ಣ ನೋವಲ್ಲ. ಎಲ್ಲರೆದುರು ಓದಿಸಬೇಡಿ. ಜೊತೆಯವಳೊಬ್ಬಳಿಗೆ ಓದಿ ಹೇಳಲಿ. ಆಮೇಲೆ ನಾಲ್ವರಿಗೆ. ಅಷ್ಟು ಹೊತ್ತಿಗೆ ವಾಕ್ಯಗಳು ನಾಲಿಗೆಗೆ ರೂಢಿಯಾಗಿರುತ್ತವೆ.

ತಿದ್ದುವುದರ ಬಗ್ಗೆ. ಕಲಿಯುವವರ ತಪ್ಪುಗಳು ಕಸ ಅಲ್ಲ, ಒಳಗೆ ಯಾವ ನಿಯಮ ಕಟ್ಟಿಕೊಂಡಿದ್ದಾರೆ ಅನ್ನೋದರ ಸಾಕ್ಷಿ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬರೆದರು. ಲ್ಯಾರಿ ಸೆಲಿಂಕರ್ 1972ರಲ್ಲಿ ಅದಕ್ಕೆ ನಡುಭಾಷೆ ಎಂಬರ್ಥದ ಹೆಸರು ಕೊಟ್ಟರು. ಮನೆಮಾತೂ ಅಲ್ಲ, ಇಂಗ್ಲಿಷೂ ಅಲ್ಲ, ನಡುವೆ ತನ್ನದೇ ವ್ಯವಸ್ಥೆ ಇರುವ ಭಾಷೆ. ಮಗು 'ಬ್ರಾಟ್' ಅನ್ನುವ ಬದಲು 'ಬ್ರಿಂಗ್ಡ್' ಅಂದರೆ ಖುಷಿಪಡಿ. ಆ ಪದವನ್ನು ಅದು ಎಲ್ಲೂ ಕೇಳಿಲ್ಲ, ನಿಯಮ ಹಾಕಿ ತಾನೇ ಕಟ್ಟಿದೆ.

ನಿಮ್ಮ ಹುಡುಗಿಯ ಬರಹದಲ್ಲಿ ನಾನಾದರೆ ಒಂದನ್ನೇ ಹಿಡೀತೀನಿ. 'ಡಾಟ್ಸ್ ಗೋಸ್' ಮತ್ತು 'ಕಾರ್ನರ್ ವಾಂಟ್'. ಒಂದು ಕಡೆ ಎಸ್ ಜಾಸ್ತಿ, ಇನ್ನೊಂದು ಕಡೆ ಎಸ್ ಇಲ್ಲ. ಎರಡನ್ನೂ ಅಕ್ಕಪಕ್ಕ ಬರೆದು, ಸರಿಯಾದ ನಾಲ್ಕು ವಾಕ್ಯ ಕೆಳಗಿಟ್ಟು, ಎಸ್ ಯಾವಾಗ ಎಲ್ಲಿಗೆ ಅಂಟುತ್ತೆ ಎಂದು ಕೇಳಿ. ಹೆಸರಿಗೆ ಎಸ್ ಸೇರಿದರೆ ಕ್ರಿಯಾಪದಕ್ಕೆ ಸೇರಲ್ಲ, ಹೆಸರಿಗೆ ಇಲ್ಲದಿದ್ದರೆ ಕ್ರಿಯಾಪದಕ್ಕೆ ಸೇರುತ್ತೆ. ಈ ಅದಲುಬದಲು ಅವಳಿಗೆ ಬಹಳ ಹಿಡಿಸುತ್ತೆ ನೋಡಿ. 'ಎ' ಮತ್ತು 'ದ' ಕಡೆಗೆ ಈಗಲೇ ಹೋಗಬೇಡಿ. ನಮ್ಮ ಭಾಷೆಗಳಲ್ಲಿ ಇಲ್ಲದ ಸಂಗತಿ ಅದು, ನಿಧಾನವಾಗಿ ಬರುತ್ತೆ.

ಇನ್ನೊಂದು ಚಟುವಟಿಕೆ ಹೇಳಲೇಬೇಕು, ಡಿಕ್ಟೊಗ್ಲಾಸ್. ಗಟ್ಟಿ ವಿಷಯ ಇರುವ ಒಂದು ಸಣ್ಣ ಪ್ಯಾರಾವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದಿ. ಮಕ್ಕಳು ಸಿಕ್ಕ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಇಬ್ಬಿಬ್ಬರಾಗಿ ಕೂತು ಪ್ಯಾರಾವನ್ನು ಮತ್ತೆ ಕಟ್ಟಬೇಕು. ಕೊನೆಗೆ ಮೂಲದ ಜೊತೆ ಹೋಲಿಸಬೇಕು. ಜೋಡಿಯ ನಡುವೆ ನಡೆಯುವ ಜಗಳ ಕೇಳಿ, "ಇಲ್ಲಿ ಈಸ್ ಬರಲ್ಲ, ವಾಸ್ ಬರಬೇಕು" ಅಂತ. ನೇರಮಾತು ಕೇಳಿದ ತಳಪಾಯ ಅಲ್ಲೇ ಗಟ್ಟಿಯಾಗುತ್ತೆ.

ನೇರಮಾತು

ಡಿಕ್ಟೊಗ್ಲಾಸ್ ನನಗೂ ಒಪ್ಪಿಗೆ. ಒಂದೇ ತಪ್ಪು ಹಿಡಿಯೋದು ಕೂಡ. ಆದರೆ ಉಳಿದ ತಪ್ಪುಗಳ ಲೆಕ್ಕ ಟೀಚರ್ ಹತ್ತಿರ ಇರಲಿ. ಆರು ತಿಂಗಳಾದರೂ ಅದೇ ತಪ್ಪು ನಿಂತಿದ್ದರೆ ಸುಮ್ನೆ ಬಿಡಬಾರದು.

ಇಬ್ಬರ ಅಮ್ಮ

ಒಂದು ಸಣ್ಣ ಪ್ರಶ್ನೆ. ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿ ಎಂದು ಶಾಲೆಯಲ್ಲಿ ಹೇಳುತ್ತಿದ್ದಾರೆ. ನನಗೆ ಬರುವುದು ಅಷ್ಟಕ್ಕಷ್ಟೇ.

ಭಾಷಾಕುತೂಹಲಿ

ದಯವಿಟ್ಟು ಮಾಡಬೇಡಿ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಿ, ಕಥೆ ಹೇಳಿ, ವಾದ ಮಾಡಿ. ಕಾರಣ ಕೊಡೋದು, ಹೋಲಿಸೋದು, ಅನುಮಾನ ಪಡೋದು ಇವೆಲ್ಲ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ದಾಟುತ್ತವೆ. ಕಮಿನ್ಸ್ ಅವರ ಇನ್ನೊಂದು ಮುಖ್ಯ ಮಾತು ಇದೇ. ರೇಡಿಯೊ ಬಿಚ್ಚುವ ಹುಡುಗನ ಪ್ರಶ್ನೆಗಳಿಗೆ ಅರೆಬರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡೋಕೆ ಹೋದರೆ, ಉತ್ತರವೇ ಬಡವಾಗುತ್ತೆ. ಮನೆಯ ಸಂಭಾಷಣೆಯ ಆಳ ಕಳೆದುಕೊಂಡು ಪಡೆಯುವ ಇಂಗ್ಲಿಷ್ ನಷ್ಟದ ವ್ಯಾಪಾರ.

ಶಾಲೆಯಲ್ಲೂ ಎರಡು ಭಾಷೆ ಒಟ್ಟಿಗೆ ಕೆಲಸ ಮಾಡಬಹುದು. ವೇಲ್ಸ್‌ನ ಕೆನ್ ವಿಲಿಯಮ್ಸ್ ತರಗತಿಗಳಲ್ಲಿ ಮಕ್ಕಳಿಗೆ ಒಂದು ಭಾಷೆಯಲ್ಲಿ ಓದಿಸಿ ಇನ್ನೊಂದರಲ್ಲಿ ಬರೆಸುವ ವಿಧಾನ ಬೆಳೆಸಿದರು. ಇಂಗ್ಲಿಷ್‌ನಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ಚರ್ಚಿಸಿ ಮತ್ತೆ ಇಂಗ್ಲಿಷ್‌ನಲ್ಲಿ ಬರೆಯಬೇಕಾದರೆ, ಅರ್ಥವಾಗದೆ ನಕಲು ಹೊಡೆಯೋಕೆ ಆಗೋದೇ ಇಲ್ಲ.

ಕಪಾಟು

ಲೈಬ್ರರಿ ಕಡೆಯಿಂದ ನನ್ನ ಮಾತು. ಚುರುಕು ಮಗುವಿಗೆ ಓದಿನಲ್ಲಿ ಎರಡು ಕಡೆಯಿಂದ ಪೆಟ್ಟು ಬೀಳುತ್ತೆ. ಅರ್ಥವಾಗುವ ಇಂಗ್ಲಿಷ್ ಪುಸ್ತಕ ಪುಟ್ಟ ಮಕ್ಕಳದು, ಅವಮಾನ ಅನ್ನಿಸುತ್ತೆ. ಆಸಕ್ತಿಯ ಪುಸ್ತಕ ಅರ್ಥವಾಗಲ್ಲ. ಓದಿದ್ದರಲ್ಲಿ 98 ಶೇಕಡಾ ಪದ ಗೊತ್ತಿರಬೇಕಾದರೆ ಇಂಗ್ಲಿಷ್‌ನಲ್ಲಿ 8,000ದಿಂದ 9,000 ಪದಕುಟುಂಬ (ಒಂದು ಮೂಲಪದ ಮತ್ತು ಅದರ ರೂಪಗಳು) ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅದನ್ನು ಕೇಳಿ ಹೆದರಬೇಡಿ. ಅದು ಎಲ್ಲ ಬಗೆಯ ಓದಿಗೆ. ಒಂದೇ ವಿಷಯ ಹಿಡಿದರೆ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ, ದಾರಿ ಬಹಳ ಬೇಗ ಸಲೀಸಾಗುತ್ತೆ.

ಒಬ್ಬ ಹುಡುಗನಿಗೆ ಗ್ರಹಗಳ ಹುಚ್ಚು. ಪ್ಲೂಟೊ ಬಗ್ಗೆ ಮೂರು ಹಂತದ ಬರಹ ಹುಡುಕಿಕೊಟ್ಟೆ. ಮೊದಲು ಚಿತ್ರ ಜಾಸ್ತಿ ಇರುವ ಒಂದು ಪುಟ. ಆಮೇಲೆ ಮಕ್ಕಳ ವಿಶ್ವಕೋಶದ್ದು. ಕೊನೆಗೆ ದೊಡ್ಡವರ ಲೇಖನ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹ ಅನ್ನೋಕೆ ಮೂರು ಷರತ್ತು ಹಾಕಿತು. ಸೂರ್ಯನ ಸುತ್ತ ಸುತ್ತಬೇಕು, ತನ್ನ ತೂಕಕ್ಕೆ ತಾನೇ ದುಂಡಗಾಗಿರಬೇಕು, ತನ್ನ ದಾರಿಯ ಸುತ್ತಮುತ್ತ ತೆರವು ಮಾಡಿಕೊಂಡಿರಬೇಕು. ಮೂರನೆಯದರಲ್ಲಿ ಪ್ಲೂಟೊ ಬಿದ್ದುಹೋಯಿತು. ಇದು ಅನ್ಯಾಯ ಎಂದು ಹುಡುಗ ತೀರ್ಮಾನಿಸಿಬಿಟ್ಟ. ವಾದ ಮಾಡಲೇಬೇಕಿತ್ತು, ವಾದಕ್ಕೆ 'ಆಲ್ದೋ', 'ಅನ್‌ಲೆಸ್', 'ಡೆಫಿನಿಷನ್' ಬೇಕಾದವು. ಕೇಳಿ ಕೇಳಿ ಕಲಿತ. ವಿಶ್ವವಿದ್ಯಾಲಯ ಮಟ್ಟದ ಬರಹಗಳಲ್ಲಿ ಮತ್ತೆ ಮತ್ತೆ ಬರುವ, 'ಡೆಫಿನಿಷನ್' ಥರದ ಪದಗಳ ಒಂದು ಪಟ್ಟಿ ಇದೆ, ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಮಾಡಿದ್ದು, 570 ಪದಕುಟುಂಬ. ಅದನ್ನು ಉರು ಹೊಡೆಸೋಕೆ ಬಳಸಬೇಡಿ. ನಿಮ್ಮ ಮಗು ಓದುವ ವಿಷಯದಲ್ಲಿ ಅವುಗಳಲ್ಲಿ ಯಾವುವು ಬರುತ್ತವೆ ಎಂದು ನೋಡಿಕೊಳ್ಳೋಕೆ ಬಳಸಿ.

ಬರಹವನ್ನು ಸರಳ ಮಾಡಿ ಕೊಡಬೇಕಾದರೆ ವಾಕ್ಯ ಒಡೆಯಿರಿ, ಚಿತ್ರ ಸೇರಿಸಿ. ವಾದವನ್ನು ಮಾತ್ರ ಕತ್ತರಿಸಬೇಡಿ. ಎಷ್ಟೋ "ಸರಳ" ಪುಸ್ತಕಗಳಲ್ಲಿ ಮೊದಲು ಮಾಯವಾಗೋದು 'ಯಾಕೆ' ಅನ್ನೋ ಭಾಗವೇ.

ಗಣಿತದ ಮೇಷ್ಟ್ರು

ಕಪಾಟು ಅವರ ಕೊನೆಯ ಸಾಲಿಗೆ ನೂರಕ್ಕೆ ನೂರು. ಗಣಿತದ ಪುಸ್ತಕಗಳಲ್ಲೂ ಅದೇ ಕಥೆ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಇಂಥ ಮಗು ಸ್ವಲ್ಪ ಇಂಗ್ಲಿಷ್ ಕಲಿತ ಕೂಡಲೇ ಅವಳನ್ನು ತರಗತಿಯ ಅನುವಾದಕಿ ಮಾಡಿಬಿಡುತ್ತಾರೆ. ಹೊಸದಾಗಿ ಬಂದವರಿಗೆಲ್ಲ ಅವಳೇ ಹೇಳಿಕೊಡಬೇಕು. ಆಗೊಮ್ಮೆ ಈಗೊಮ್ಮೆ ಆದರೆ ಒಳ್ಳೆಯದೇ, ಅವಳ ಆ ಸಾಮರ್ಥ್ಯಕ್ಕೆ ಗೌರವ ಸಿಗಬೇಕು. ದಿನಾ ಅದೇ ಆದರೆ ಅವಳ ಕಲಿಕೆಯ ಹೊತ್ತು ಬೇರೆಯವರಿಗೆ ಹೋಗುತ್ತೆ. ಕೆಲಸ ಬೇಗ ಮುಗಿಸಿದವರಿಗೆ ಅದೇ ಥರದ್ದು ಇನ್ನಷ್ಟು ಕೊಡೋದೂ ಅಷ್ಟೇ ತಪ್ಪು. ಬೇಗ ಮುಗಿಸಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ಬೆಂಚು

ನನ್ನ ತರಗತಿ ದೊಡ್ಡದು. ಒಂದು ಮಗುವಿಗೋಸ್ಕರ ಬೇರೆ ಪಾಠ ತಯಾರು ಮಾಡೋಕೆ ಸಮಯ ಎಲ್ಲಿದೆ? ನಿಜವಾದ ಕಷ್ಟ ಇದು.

ನಿಧಾನ ಓದು

ಬೇರೆ ಪಾಠ ಬೇಡ, ಒಂದೇ ಪ್ರಶ್ನೆ ಎಲ್ಲರಿಗೂ ಕೊಡಿ. ಪ್ರಶ್ನೆ ಮಾತ್ರ ಆಳ ಇರುವಂಥದ್ದಾಗಿರಲಿ. ಚಿತ್ರ ಬರೆದು ಉತ್ತರಿಸಬಹುದು, ಪದಗಳ ಪಟ್ಟಿ ನೋಡಿ ಬರೆಯಬಹುದು, ಸಹಾಯ ಇಲ್ಲದೆ ಬರೆಯಬಹುದು. ಭಾಷೆಯ ಆಸರೆ ಹೆಚ್ಚುಕಮ್ಮಿ ಮಾಡಿ, ಪ್ರಶ್ನೆಯನ್ನು ಮಾತ್ರ ಕಮ್ಮಿ ಮಾಡಬೇಡಿ. ಆ ಚುಕ್ಕೆಗಳ ಪ್ರಶ್ನೆಯಿಂದ ತರಗತಿಯಲ್ಲಿ ಯಾರಿಗೂ ನಷ್ಟ ಇಲ್ಲ. ಇನ್ನೂ ಗುರುತಾಗದ ಒಬ್ಬಿಬ್ಬರು ಅಲ್ಲೇ ಸಿಗಲೂಬಹುದು.

ಬೆಂಚು

ಇದು ಮಾಡಬಹುದು. ಮಾರ್ಕ್ಸ್ ಹೇಗೆ ಕೊಡ್ತೀರಿ?

ನೇರಮಾತು

ಇದಕ್ಕೆ ನಾನು ಉತ್ತರ ಕೊಡ್ತೀನಿ. ಎರಡು ಕಾಲಂ ಮಾಡಿ. ಒಂದು ಯೋಚನೆಗೆ, ಒಂದು ಭಾಷೆಗೆ. ಎರಡನ್ನೂ ಕೂಡಿಸಿ ಒಂದೇ ಅಂಕ ಬರೆಯಬೇಡಿ. ಕೂಡಿಸಿದರೆ ಗಟ್ಟಿ ಯೋಚನೆ, ಅರೆಬರೆ ಇಂಗ್ಲಿಷ್ ಇರುವ ಮಗುವೂ, ಸುಲಲಿತ ಇಂಗ್ಲಿಷ್, ಟೊಳ್ಳು ಯೋಚನೆ ಇರುವ ಮಗುವೂ ಒಂದೇ ಅಂಕ ತಗೊಂಡು ಕೂರುತ್ತವೆ. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಭಾಷೆಯ ಕಾಲಂನಲ್ಲಿ ಆ ವಾರ ಹಿಡಿದ ಒಂದು ಸಂಗತಿಯನ್ನಷ್ಟೇ ನೋಡಿ. ಹೋದ ತಿಂಗಳ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಯೋಚನೆಯ ಕಾಲಂ ತುಂಬಿದ್ದು, ಬರವಣಿಗೆ ಮಾತ್ರ ಬಹಳ ಕಾಲ ಕದಲದೇ ಇದ್ದರೆ, ಮನೆಮಾತಿನಲ್ಲಿ ಓದು ಬರಹ ಹೇಗಿದೆ ಎಂದು ನೋಡಿ. ಅಲ್ಲೂ ಅದೇ ತೊಡಕು ಇದ್ದರೆ ಡಿಸ್ಲೆಕ್ಸಿಯಾ (ಓದು ಬರಹದ ಕಲಿಕೆಯ ತೊಡಕು) ಇರಬಹುದು, ತಿಳಿದವರಿಗೆ ತೋರಿಸಬೇಕು. ಅಲ್ಲಿ ಸಲೀಸಾಗಿದ್ದರೆ ಇಂಗ್ಲಿಷ್‌ಗೆ ಇನ್ನಷ್ಟು ಸಮಯ, ಇನ್ನಷ್ಟು ಬರವಣಿಗೆ ಬೇಕು ಅಂತ ಅರ್ಥ. ಪ್ರತಿಭೆ ಇರುವ ಮಗುವಿಗೆ ಕಲಿಕೆಯ ತೊಡಕು ಇರಲ್ಲ ಎಂದುಕೊಳ್ಳಬೇಡಿ, ಎರಡೂ ಒಟ್ಟಿಗೆ ಇರಬಹುದು.

ಹೊಸಪಾಠ

ಎರಡು ಕಾಲಂ ಮಾತು ನಾಳೆಯ ಮೀಟಿಂಗ್‌ಗೆ ತಗೊಂಡು ಹೋಗ್ತೀನಿ. "ಮೊದಲು ಇಂಗ್ಲಿಷ್, ಆಮೇಲೆ ಉಳಿದದ್ದು" ಅನ್ನುವವರಿಗೆ ತೋರಿಸೋಕೆ ಅವಳ ಎರಡೂ ಭಾಷೆಯ ಹಾಳೆ ಜೊತೆಗಿಟ್ಟಿದ್ದೇನೆ. ಇಬ್ಬರ ಅಮ್ಮ, ನಿಮ್ಮ ಮಗನ ರೆಕಾರ್ಡಿಂಗ್ ಶಾಲೆಯವರು ಕೇಳಿದರಾ?

ಇಬ್ಬರ ಅಮ್ಮ

ವಿಜ್ಞಾನದ ಟೀಚರ್ ಒಬ್ಬರು ಕೇಳಿದರು. ಅವನ ಭಾಷೆ ಅವರಿಗೂ ಬರುತ್ತೆ. ಸ್ಪೀಕರ್ ಒಳಗಿನ ಅಯಸ್ಕಾಂತದ ಬಗ್ಗೆ ಹೇಳುವ ಜಾಗವನ್ನು ಎರಡನೇ ಸಲ ಹಾಕಿಸಿಕೊಂಡರು. ಪದಗಳಿಲ್ಲದ ಪರೀಕ್ಷೆ ಕೊಡಿಸೋಕೆ ಅರ್ಜಿ ಬರೆಯುತ್ತಿದ್ದೇನೆ, ಅವರೂ ಸಹಿ ಹಾಕ್ತಾರಂತೆ.